ರಾಣಿಯ ಗಂಟಿನ ಸಂದು

"ಆ ಸಂದು ಮುಚ್ಚಬೇಡಪ್ಪಾ, ಹಾಗೇ ಇರ್ಲಿ," ಎಂದಳು ಮತುರೀನ್ ಅಜ್ಜಿ. ಫ್ರಾನ್ಸಿನ ಲುವಾರ್ ನದಿಯ ದಂಡೆಯ ಆ ಅರಮನೆ ತೋಟದಲ್ಲಿ ನಲವತ್ತು ವರ್ಷ ಕಳೆ ಕಿತ್ತವಳು. "ಮಕ್ಕಳಿಲ್ಲದ ರಾಣಿ ಮಾಟ ಮಾಡ್ಸಿ ನೆಡ್ಸಿದ ಬೇಲಿ ಗಂಟು ಇದು. ರಾಜ ಇಟ್ಕೊಂಡಿದ್ದೋಳು ಬಸುರಿ. ನಾಲ್ಕು ದಿನ ನೋವು ತಿಂದು ಹೆರದೇ ಸತ್ಲು. ಆಮೇಲೆ ಆಗಿನ ಮಾಲಿ ಒಂದು ಕಡೆ ಬೇಲಿ ಕಿತ್ತು ಗಂಟು ಬಿಡಿಸ್ದ."

ಹೊಸದಾಗಿ ಬಂದಿದ್ದ ಮುಖ್ಯ ಮಾಲಿ ಗಾಸಿಯಾಂ ನಕ್ಕ. ಮೊಣಕಾಲೆತ್ತರದ ಹಸಿರು ಬೇಲಿ ಹಗ್ಗದಂತೆ ಸುತ್ತಿ, ಹೊಸೆದು, ತನ್ನೊಳಗೇ ತೂರಿ ಗಂಟಾಗಿತ್ತು. ಒಂದು ಕಡೆ ಮಾತ್ರ ಮೂರು ಗಿಡದಷ್ಟು ಬೋಳು ಜಾಗ.

"ಹಲ್ಲುದುರಿದ ಬಾಯಿ ಹಾಗಿದೆ ಅಜ್ಜಿ. ನೋಡೋಕೆ ಬಂದೋರು ನನ್ನನ್ನ ಆಡ್ಕೋತಾರೆ."

"ನಿನ್ನ ಹೆಂಡ್ತಿ ತುಂಬಿದ ಬಸುರಿ ಕಣೋ."

"ಗಿಡಕ್ಕೇನು ಗೊತ್ತು ಅದು?"

ಬುದ್ಧಿವಂತ ನೋಡಿ, ಅಂದೇ ಮೂರು ಗಿಡ ನೆಟ್ಟುಬಿಟ್ಟ.

ಭಾನುವಾರ ಮಧ್ಯಾಹ್ನ ಗಾಸಿಯಾಂನ ಹೆಂಡತಿ ಸೊಲೆನ್ ಅವನ ಕೆಲಸ ನೋಡಲು ಬಂದಳು. ಅವನ ಕೈ ಹಿಡಿದು, ಬೇಲಿ ದಾಟಿ, ಗಂಟಿನ ನಡುವೆ ನಿಂತಳು. "ಚೆನ್ನಾಗಿ ಮಾಡಿದ್ದೀಯ," ಎಂದಳು. ಅಷ್ಟರಲ್ಲಿ ಕಾರಂಜಿಯ ಸದ್ದು ನಿಂತಿತು. ಜೇನ್ನೊಣಗಳ ಗುಂಯ್‌ಗುಟ್ಟುವಿಕೆಯೂ ಅಡಗಿತು. ಬಿಸಿಲಿಗೆ ಕಾದ ಎಲೆಗಳಿಂದ ಬೆಕ್ಕಿನ ಉಚ್ಚೆಯಂಥ ನಾತ ಎದ್ದು ಗಂಟಲಿಗೆ ಅಡರಿತು.

ಸೊಲೆನ್ ಹೊಟ್ಟೆ ಹಿಡಿದು ಕುಸಿದಳು.

ಗಾಸಿಯಾಂ ಅವಳನ್ನು ಎತ್ತಲು ಹೋದ. ಅವಳು ನೆಲಬಿಟ್ಟು ಏಳಲಿಲ್ಲ. ಆ ಪುಟ್ಟ ಬೇಲಿಯ ಆಚೆಗೆ ಅವಳ ಒಂದು ಕಾಲೂ ದಾಟಲಿಲ್ಲ. ಆಂಬುಲೆನ್ಸು ಬರುವಷ್ಟು ಹೊತ್ತಿರಲಿಲ್ಲ. ಅಜ್ಜಿ ಓಡಿಬಂದಳು. ಮೊದಲು ತನ್ನ ಏಪ್ರನ್ನಿನ ದಾರ ಬಿಚ್ಚಿದಳು. ಸೊಲೆನ್‌ಳ ಜಡೆ ಬಿಚ್ಚಿದಳು. ಅವಳ ಬೂಟಿನ ಲೇಸು ಬಿಚ್ಚಿದಳು. ಹತ್ತಿರ ಗಂಟಿದ್ದರೆ ಹೆರಿಗೆ ಬಿಗಿಯುತ್ತದೆಂದು ಅವಳ ನಂಬಿಕೆ.

"ತಲೆ ಕಾಣ್ತಿದೆ, ಮಗು ಬರ್ತಿಲ್ಲ. ನೀನು ಕಟ್ಟಿದ್ದು ನೀನೇ ಬಿಚ್ಚಬೇಕು. ಹೋಗು."

ಅವನು ಬರಿಗೈಯಲ್ಲೇ ಮಣ್ಣು ಬಗೆದ. ಒಂದು ಗಿಡ ಬಂತು. ಇನ್ನೊಂದು ಬಂತು. ಮೂರನೆಯದು ಬರಲಿಲ್ಲ. ಹಿಂದೆ ಸೊಲೆನ್‌ಳ ಚೀರಾಟ ಸಣ್ಣದಾಯಿತು. ನಿಂತೇಹೋಯಿತು. ಅವನು ಎರಡೂ ಕೈ ಮಣ್ಣೊಳಗೆ ತೂರಿಸಿದ. ತಣ್ಣಗಿನ ಬೇರುಗಳು ಬೆರಳಿಗೆ ಸುತ್ತಿಕೊಂಡವು. ಹಿಂಡಿದವು. ಎಳೆದ. ಮತ್ತೆ ಎಳೆದ. ಪಟ್ಟನೆ ಕಿತ್ತುಬಂತು.

ಮಗು ಅತ್ತಿತು.

"ಹೆಣ್ಣು. ಇಬ್ರೂ ಉಳ್ಕೊಂಡ್ರು," ಎಂದು ಅಜ್ಜಿ ಮಗುವನ್ನು ಅವನತ್ತ ಚಾಚಿದಳು.

ಗಾಸಿಯಾಂ ಕೈ ಮೇಲೆತ್ತಿದ. ಹತ್ತೂ ಬೆರಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ಬಿಡಿಸಲು ನೋಡಿದ. ಚರ್ಮಕ್ಕೆ ಚರ್ಮ ಕೂಡಿಹೋಗಿತ್ತು. ಎಲ್ಲಿ ಎಡಗೈ ಮುಗಿದು ಎಲ್ಲಿ ಬಲಗೈ ಶುರುವೋ ತಿಳಿಯಲಿಲ್ಲ. ಅಜ್ಜಿ ಶಿಲುಬೆಯ ಗುರುತು ಮಾಡಿ ಹಿಂದೆ ಸರಿದಳು.

"ಎತ್ಕೊಳ್ಳೋ," ಎಂದಳು ಸೊಲೆನ್, ಕಣ್ಣು ಮುಚ್ಚಿಯೇ ನಗುತ್ತ. "ನಿನ್ನ ಮಗಳನ್ನ ಎತ್ಕೊ."