ಉಡಿ ಝಾಡಿಸುವ ಬಾಗಿಲು

"ಉಡಿ ಝಾಡಸು, ಜಿಜಾ."

ಜಿಜಾಬಾಯಿ ದಂಗಾದಳು. ಸಾವುಕಾರನ ಕಾಳಿನ ಅಡತಿ ಅಂಗಡಿಯ ಬಾಗಿಲಿಗೆ ಅಡ್ಡ ನಿಂತವನು ಬೇರೆ ಯಾರೂ ಅಲ್ಲ, ಹಮಾಲ ಕಾಶಿರಾಮ! ದಸರೆ ಮುಗಿದ ಮೇಲೆ ಅವಳ ಕೈಹಿಡಿಯಬೇಕಾದವನು!

"ಏನಂದ್ರಿ?"

"ಮುನೀಮನ ಹುಕುಂ ಅದ. ಹೆಣ್ಮಕ್ಕಳು ಉಡಿ ಝಾಡಿಸಿನೇ ಹೊರಗ ಹೋಗಬೇಕಂತ."

ಹೆಣ್ಣಿನ ಉಡಿ ತುಂಬಿ ಕಳಿಸುವ ಸೀಮೆ ಇದು. ಬರಿದು ಮಾಡಿಸಿ ಕಳಿಸುವುದೆಂದರೆ ಮುಖಕ್ಕೆ ಉಗಿದಂತೆ. ಅವಳು ಎಲ್ಲರ ಎದುರು ಸೆರಗು ಕೊಡವಿದಳು. ಬರೀ ಧೂಳು ಬಿತ್ತು.

'ಇವರೂ ಸಾವುಕಾರನ ಮನುಷ್ಯ ಆದರಲ್ಲ...' ಎಂದು ಒಳಗೇ ಅತ್ತಳು.

ಅದು ಸಾವಿರದ ಒಂಬೈನೂರಾ ಮೂವತ್ತೊಂದನೇ ಇಸವಿ. ಜೋಳದ ಧಾರಣೆ ಪಾತಾಳ ಕಂಡಿತ್ತು. ಅಗ್ಗವಾದರೆ ಬಡವರು ಹೊಟ್ಟೆ ತುಂಬ ಉಣ್ಣಬೇಕಲ್ಲವೇ? ಅಗ್ಗದ ಜೋಳ ಕೊಳ್ಳಲೂ ಕೈಯಲ್ಲಿ ಕೂಲಿ ಬೇಕಲ್ಲ!

ಕಲ್ಯಾಣಿ ಊರಿನ ಹೊಲಗಳಲ್ಲಿ ಕೆಲಸ ನಿಂತಿತೆಂದು ಜಿಜಾ ತಾಯಿ ಮೀರಾಬಾಯಿಯನ್ನು ಕರೆದುಕೊಂಡು ಹುಮನಾಬಾದಿಗೆ ಬಂದಿದ್ದಳು. ಇಲ್ಲಿಯೂ ಅರ್ಧ ಹಮಾಲರನ್ನು ಕೆಲಸದಿಂದ ಬಿಡಿಸಿದ್ದರು. ಸೊಲ್ಲಾಪುರದ ಗಿರಣಿಗೆ ಹೋದವರೂ ಗಂಟು ಹೊತ್ತು ವಾಪಸ್ ಬರುತ್ತಿದ್ದರು. ಇನ್ನು ಹೋಗುವುದಾದರೂ ಎಲ್ಲಿಗೆ?

ಜಿಜಾಳಂತೆ ಅಂಗಡಿಯಲ್ಲಿ ಕಾಳು ಹಸನು ಮಾಡುವ ಹೆಂಗಸರು ಸಂಜೆ ನೆಲ ಗುಡಿಸಿ, ಆ ಮಣ್ಣುಗಾಳನ್ನು ಉಡಿಯಲ್ಲಿ ಒಯ್ಯುವುದು ಹಿಂದಿನಿಂದ ಬಂದ ರೂಢಿ. ಕಾಳಿಗೆ ಬೆಲೆಯೇ ಇಲ್ಲದ ಹೊತ್ತಿನಲ್ಲಿ ಸಾವುಕಾರ ಅದನ್ನೂ ನಿಲ್ಲಿಸಿದ. ಇದ್ದವರಿಗೇ ಇನ್ನಷ್ಟು ಬೇಕು ಅನ್ನುತ್ತಾರಲ್ಲ, ಸುಳ್ಳಲ್ಲ ನೋಡಿ!

ಅಂದಿನಿಂದ ಜಿಜಾ ಕಾಶಿರಾಮನ ಜೊತೆ ಮಾತು ಬಿಟ್ಟಳು. "ಜಿಜಾ, ಒಂದ ಮಾತ..." ಅಂದರೂ ತಿರುಗಿ ನೋಡಲಿಲ್ಲ. ದಸರೆಯೂ ಹೋಯಿತು. ಅವನು ಮದುವೆಯ ಸುದ್ದಿ ಎತ್ತಲಿಲ್ಲ. 'ಮನಸ್ಸಿಲ್ಲ ಅಂತ ಬಾಯಿ ಬಿಟ್ಟು ಹೇಳಬಾರದೇ?'

ಅಷ್ಟರಲ್ಲಿ ತಾಯಿ ಜ್ವರ ಬಂದು ಮಲಗಿದಳು. ಗಂಜಿ ಕಾಯಿಸಲು ಮನೆಯಲ್ಲಿ ಹಿಡಿ ಕಾಳಿಲ್ಲ. ಆ ಸಂಜೆ ಜಿಜಾ ಒಂದು ಬೊಗಸೆ ಮಣ್ಣುಗಾಳನ್ನು ಉಡಿಯಲ್ಲಿ ಬಚ್ಚಿಟ್ಟುಕೊಂಡಳು. ಬಾಗಿಲ ಹತ್ತಿರ ಬಂದರೆ ಕಾಶಿರಾಮನ ಬೆನ್ನಿಗೇ ಮುನೀಮ ನಿಂತಿದ್ದ!

"ಝಾಡಸು!" ಅಂದ ಮುನೀಮ.

ಕಾಶಿರಾಮನ ಕಣ್ಣು ಅವಳ ಉಬ್ಬಿದ ಉಡಿಯ ಮೇಲೆ ಬಿತ್ತು. ಹೇಳಿದರೆ ಅವಳ ಕೆಲಸ ಹೋಗುತ್ತದೆ, ಬಿಟ್ಟರೆ ತನ್ನದು. ಅವನ ಮುಖ ಕಪ್ಪಿಟ್ಟಿತು.

"ಅವು ನಾ ಕೊಟ್ಟ ಕಾಳ್ರಿ."

"ಇಲ್ರಿ!" ಜಿಜಾ ಕೂಗಿದಳು. "ನಾನೇ ತಗೊಂಡೇನಿ. ಮದಲಿಂದ ನಮಗ ಸಿಗೋ ಕಾಳು ಇವು!"

"ಇಬ್ಬರೂ ಕೆಲಸ ಬಿಟ್ಟು ನಡೀರಿ! ಕೆಲಸಕ್ಕ ಹೊರಗ ಮಂದಿ ಸಾಲ ಹಚ್ಚಿ ನಿಂತಾರ."

ಮುನೀಮ ಆ ಬೊಗಸೆ ಕಾಳನ್ನೂ ಕಸಿದು ರಾಶಿಗೆ ಎಸೆದ.

ಜಿಜಾಳ ಜೊತೆ ಕಾಳು ಹಸನು ಮಾಡುವ ಮುದುಕಿ ಮುನ್ನಿ ಬೀ ಅವರ ಹಿಂದೆಯೇ ಬೀದಿಗೆ ಬಂದಳು.

"ಬೇಟಿ, ಇನ್ನರೆ ತಿಳಕೊ. ನಮ್ಮ ಮೈಗೆ ಕೈ ಹಚ್ಚಿ ತಲಾಶಿ ಮಾಡ್ತೀನಿ ಅಂದಿದ್ದ ಆ ಮುನೀಮ. ಇಂವಾ ಅಡ್ಡ ಬಂದು, 'ಬಾಗಲ್ದಾಗ ನಾ ನಿಂದರ್ತೀನಿ, ಯಾರನ್ನೂ ಮುಟ್ಟಬ್ಯಾಡ್ರಿ' ಅಂದ. ಅದಕ್ಕ ಪಗಾರ ಸೈತ ಕೇಳಲಿಲ್ಲ."

ಜಿಜಾ ಕಾಶಿರಾಮನ ಕಡೆ ತಿರುಗಿದಳು.

"ನನಗ್ಯಾಕ ಹೇಳಲಿಲ್ರಿ?"

"ಹ್ಯಾಂಗ ಹೇಳ್ಲಿ? ಏನ ಮಾಡಿದ್ರೂ ನಿನ್ನ ಉಡಿ ಬರಿದು ಮಾಡಿಸ್ದಾವ ನಾನೇ ಅಲ್ಲಾ..."

"ಮತ್ತ ಮದುವಿ ಮಾತು?"

"ಯಾವಾಗ ಕೆಲಸ ಹೋಗ್ತದೋ ಅಂತ ಅಂಜಾಕತ್ತಿದ್ದೆ. ಈಗ ಹೋಗೇ ಬಿಟ್ಟದ. ಇನ್ನ ಅಂಜಲಿಕ್ಕ ಏನ ಉಳೀತು?" ಕಾಶಿರಾಮ ಒಂದು ಹೆಜ್ಜೆ ಹತ್ತಿರ ಬಂದ. "ಜಿಜಾ... ನೀ ಇಲ್ದ ನನಗಾಗಂಗಿಲ್ಲ."

ಎಲ್ಲ ಬಾಗಿಲೂ ಮುಚ್ಚಿದ ಊರಿನಲ್ಲಿ ನಿಂತು ಆ ಹುಚ್ಚಿ ನಾಚಿಕೊಂಡಳು!

"ಮನಿಗೆ ನಡ್ರಿ. ಅವ್ವನ ಮುಂದ ಈ ಮಾತು ಹೇಳ್ರಿ."

"ಬರಿಗೈಲೆ ಹ್ಯಾಂಗ ಬರ್ಲಿ? ಮನ್ಯಾಗ ಏನದ?"

"ನಿನ್ನಿದು ಒಂದ ರೊಟ್ಟಿ ಅದ."

"ನಾವು ಮೂರ ಮಂದಿ ಅಲ್ಲೇನ?"

"ಹೌದ್ರಿ... ಮೂರ ಮಂದಿ!" ಅನ್ನುವಾಗ ಅಳುವಿನ ನಡುವೆಯೂ ಅವಳಿಗೆ ನಗು ಬಂತು. "ಜಲ್ದಿ ನಡ್ರಿ."