ಗೋರಿಯ ಕ್ರೋಟನ್

ಗಿಡ ತಾನೆ, ಸುಲಿದರೆ ಏನಾಗುತ್ತದೆ? ಹಾಗಾದರೆ ಕೈ ಯಾಕೆ ಹಿಂಜರಿಯುತ್ತಿದೆ?

ಚಾಕು ಹಿಡಿದು ಗೋರಿಯೆದುರು ಕೂತಿದ್ದ ಆಲ್ರಿಕ್‌ಗೆ ಬೆಳಗಿನ ಮಾತು ನೆನಪಾಯಿತು. ಹಿತ್ತಲ ಗೋರಿಯ ಮೇಲಿನ ಕ್ರೋಟನ್ ಗಿಡದಿಂದ ಸಸಿ ಮಾಡುತ್ತೇನೆಂದಾಗ ಅತ್ತೆ ಐಸಿಲ್ಡಾ ಕಾಫಿ ಲೋಟ ಕೆಳಗಿಟ್ಟಿದ್ದಳು.

"ಅದನ್ನ ಮುಟ್ಟಬೇಡ ಅಳಿಯಾ. ನಮ್ಮಪ್ಪ ಮಾಟ ಮಾಡ್ತಿದ್ದೋನು. ಸತ್ತ ಮೇಲೆ ಏಳದೇ ಇರ್ಲಿ ಅಂತ ಎದೆ ಮೇಲೇ ನೆಟ್ಟಿದೀವಿ. ಗಿಡಕ್ಕೆ ಗಾಯ ಆದ್ರೆ ಮನೆಯೋರ ಮೈಗೇ ಬಾಯಿ ಹಾಕ್ತಾನೆ."

"ಅಷ್ಟು ಹಸಿವಾಗಿದ್ರೆ ಒಂದು ತಟ್ಟೆ ಮೀನು ಇಡಿ ಅತ್ತೆ."

ಹೆಂಡತಿ ಶೆರ್ನೆಟ್ ಮಾತ್ರ ನಕ್ಕಿದ್ದಳು.

ರಾಜಧಾನಿ ಕಿಂಗ್‌ಸ್ಟನ್‌ನಿಂದ ಬಂದು ಹೋಟೆಲಿನ ತೋಟ ವಹಿಸಿಕೊಂಡಿದ್ದ ಅವನಿಗೆ ಇಂಥ ಕಪ್ಪುಗೆಂಪು ಎಲೆ ಆ ಕರಾವಳಿಯಲ್ಲಿ ಬೇರೆಲ್ಲೂ ಸಿಕ್ಕಿರಲಿಲ್ಲ. ಕೊಂಬೆಯ ಸುತ್ತ ಉಂಗುರದಷ್ಟು ತೊಗಟೆ ಸುಲಿದ. ಅಂಟು ರಸ ಜಿನುಗಿತು. ಹಳಸಿದ ಮಾಂಸದ ನಾತ. ಒದ್ದೆ ತೆಂಗಿನ ನಾರು ಸುತ್ತಿ, ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟಿದ. ಬೇರೊಡೆದ ಮೇಲೆ ಕತ್ತರಿಸಿ ನೆಟ್ಟರಾಯಿತು.

ಸಂಜೆ ಶೆರ್ನೆಟ್ ಮಣಿಕಟ್ಟು ಕೆರೆಯುತ್ತ ಕೂತಿದ್ದಳು. ಬಳೆಯ ಹಾಗೆ ಒಂದು ಕೆಂಪು ಗೆರೆ. ಕೆಲವು ದಿನಗಳಲ್ಲಿ ಅಲ್ಲಿಯ ಚರ್ಮ ಬೆಂದ ಬದನೆಯ ಸಿಪ್ಪೆಯಂತೆ ಜಾರಿ ಮುಲಾಮಿನ ಬಟ್ಟೆಗೆ ಅಂಟಿಕೊಂಡು ಬಂತು. ಊಟದ ತಟ್ಟೆಗೂ, ಹಾಸಿಗೆಗೂ ಅದೇ ನಾತ. ಅವಳು ಮುಟ್ಟಿದರೆ ಅವನಿಗೆ ಹೇಸಿಗೆಯಾಗುತ್ತಿತ್ತು. ಆ ಹೇಸಿಗೆಗೆ ನಾಚಿಕೆಯೂ ಆಗುತ್ತಿತ್ತು.

"ಯಾರೋ ಗಿಡ ಮುಟ್ಟಿದಾರೆ," ಎಂದಳು ಐಸಿಲ್ಡಾ, ಅವನತ್ತ ನೋಡದೆ. "ಮುಟ್ಟಿದೋರು ಇವಳ ಮುಂದೆ ಒಪ್ಕೊಂಡ್ರೆ ಅಪ್ಪ ಬಿಡ್ತಾನೆ."

"ಮೇಕೆ ಬಾಯಿ ಹಾಕಿರ್ಬೇಕು."

"ಮೇಕೆ ಪ್ಲಾಸ್ಟಿಕ್ ಕಟ್ಟಲ್ಲ ಅಳಿಯಾ."

ಅವನು ಹಿತ್ತಲಿಗೆ ಓಡಿದ. ಕಟ್ಟು ಬೆಚ್ಚಗಿತ್ತು. ಬಿಚ್ಚಿದ. ಬಿಳಿ ಬೇರಿರಲಿಲ್ಲ. ನಾರಿನೊಳಗೆ ನರೆತ ಕೂದಲು. ಲೋಳೆ. ಕೂದಲ ನಡುವೆ ಮೆತ್ತನೆಯ ಉಗುರುಗಳು. ಒಂದು ಅವನ ಬೆರಳನ್ನು ಗೀರಿತು. ಒಳಗೆ ಹೋಗಿ ಒಪ್ಪಿಕೊಂಡರೆ ಸಾಕಿತ್ತು. ಕುರುಹೇ ಉಳಿಯದಿರಲಿ ಎಂದು ಅವನು ಗೋಡೆಗೊರಗಿದ್ದ ತೋಟದ ಕತ್ತರಿ ಎತ್ತಿಕೊಂಡ. ಕಣ್ಣು ಮುಚ್ಚಿದ. ಕೊಂಬೆ ತುಂಡಾಯಿತು.

ಮನೆಯೊಳಗಿಂದ ಶೆರ್ನೆಟ್‌ಳ ಕೂಗು.

ಆಸ್ಪತ್ರೆಯವರು ಮಣಿಕಟ್ಟಿನ ಮೊಂಡಿಗೆ ಹೊಲಿಗೆ ಹಾಕಿ, ಮೂಳೆ ಕೊಳೆತು ಹಸ್ತ ತಾನಾಗಿ ಕಳಚಿ ಬಿತ್ತು ಎಂದರು. ಐಸಿಲ್ಡಾ ಬಾಗಿಲಲ್ಲಿ ನಿಂತು ಅಳಿಯ ಬಾಯಿ ಬಿಡುವುದನ್ನೇ ಕಾಯುತ್ತಿದ್ದಳು. ಶೆರ್ನೆಟ್‌ಳ ಪಟ್ಟಿಯ ಮೇಲ್ಗಡೆ, ಮೊಣಕೈ ಹತ್ತಿರ, ಹೊಸದೊಂದು ಕೆಂಪು ಗೆರೆ ಮೂಡುತ್ತಿತ್ತು.

"ಯಾರು ಮುಟ್ಟಿದ್ದು ಅಂತ ಗೊತ್ತಾಯ್ತೇನ್ರೀ?" ಎಂದಳು ಶೆರ್ನೆಟ್, ಅವನ ಕಣ್ಣನ್ನೇ ನೋಡುತ್ತ.

ಅವನು ಅವಳ ಹೊದಿಕೆ ಸರಿಮಾಡಿದ. ತಾನೇ ಎಂದು ಹೇಳಲಿಲ್ಲ. ಆ ಗೆರೆ ಭುಜ ಮುಟ್ಟಿದಾಗಲೂ ಹೇಳಲಿಲ್ಲ.