‘ಕೂಲಿ’ಯ ಹುಟ್ಟೂರು

ತರುಣ್‌ನ ಹಾಳೆಯ ಕೆಳಗೆ ಶುಭಶ್ರೀಯ ಸಹಿ ಇತ್ತು.

ಬಂಟ್ವಾಳದ ಅವರ ಓದುಬಳಗದಲ್ಲಿ ಒಂದು ಕಟ್ಟಳೆ. ಬರೆದದ್ದನ್ನು ಮೊದಲು ಒಬ್ಬರಿಗೆ ಓದಿ ಹೇಳಬೇಕು, ಅವರ ಸಹಿ ಬಿದ್ದ ಮೇಲೆಯೇ ಎಲ್ಲರೆದುರು ಓದಬೇಕು. ಎರಡು ವರ್ಷದಿಂದ ತರುಣ್‌ಗೆ ಸಹಿ ಹಾಕುತ್ತಿದ್ದವಳು ಕುಸುಮ.

ಈ ಸಲ ಇಂಗ್ಲಿಷಿನ ‘ಕೂಲಿ’ ಪದದ ಮೂಲ ಹುಡುಕುವ ಕೆಲಸ. ನಿಘಂಟುಗಳಿಗಾಗಿ ಅವನು ಮೂರು ಶನಿವಾರ ಮೂಡಬಿದಿರೆಯ ಲೆಕ್ಚರರ್ ಶುಭಶ್ರೀಯ ಮನೆಗೆ ಹೋಗಿದ್ದ.

"ಮೂಡಬಿದ್ರೆಯ ಚಹಾ ಒಳ್ಳೆದುಂಟಾ?" ಸಭೆಗೆ ಮೊದಲು ಆ ಸಹಿ ಕಂಡು ಕುಸುಮ ಕೇಳಿದಳು.

"ಡಿಕ್ಷನರಿ ನೋಡ್ಲಿಕ್ಕೆ ಹೋದದ್ದು ಮಾರಾಯ್ತಿ."

"ನಿನ್ನ ಡಿಕ್ಷನರಿ ಕಣ್ಣಿಗೆ ಕಾಡಿಗೆ ಹಚ್ತದೆ. ನಾನೂ ನೋಡಿದ್ದೇನೆ."

ಅವನು ನಕ್ಕು ಕನ್ನಡಕ ಮೇಲೆ ತಳ್ಳಿದ. ಆ ಬೆರಳನ್ನು ಶುಭಶ್ರೀಯೂ ಹೀಗೆಯೇ ನೋಡಿರಬಹುದು ಅನಿಸಿ ಕುಸುಮಳ ಹೊಟ್ಟೆ ಉರಿಯಿತು.

ತರುಣ್ ಎದ್ದು ಓದತೊಡಗಿದ. ಗುಜರಾತಿನ ಕೋಲಿ ಜನರ ಹೆಸರಿನಿಂದ ಬಂದ ಪದ ಎನ್ನುವವರಿದ್ದಾರೆ. ದುಡಿತಕ್ಕೆ ಸಲ್ಲುವ ನಮ್ಮ ಕೂಲಿಯೇ ಎನ್ನುವವರೂ ಇದ್ದಾರೆ, ಮೇಡಂ ಶುಭಶ್ರೀಯವರ ಅಭಿಪ್ರಾಯವೂ ಅದೇ. ಹಡಗಿಗೆ ತುಂಬಿ ಕಬ್ಬಿನ ತೋಟಗಳಿಗೆ ಸಾಗಿಸಿದವರ ಹೆಸರುಗಳನ್ನು ಬಿಳಿಯರು ನುಂಗಿಬಿಟ್ಟರು, ಕೂಲಿಯನ್ನೇ ಮನುಷ್ಯರ ಹಣೆಗೆ ಹಚ್ಚಿದರು. ಬೆಳ್ತಂಗಡಿಯಲ್ಲಿ ಬೀಡಿ ಕಟ್ಟುವ ಹೆಂಗಸೊಬ್ಬಳು ಹೇಳುತ್ತಾಳೆ: ‘ಕೂಲಿ ನಾವು ಜಗಳ ಮಾಡಿ ತೆಗೆದುಕೊಳ್ಳುವುದು. ಅದು ನಮ್ಮ ಹೆಸರಲ್ಲ.’

ಕುಸುಮ ಎದ್ದು ನಿಂತಳು. ಆ ಮಾತು ಕೇಳಿಯೇ ಅವಳು ಬೆಳೆದದ್ದು.

"ಅದು ನನ್ನ ಅಮ್ಮ. ಮೇಡಂಗೆ ಹೆಸರುಂಟು, ಅಮ್ಮ ಬರೀ ಹೆಂಗಸೊಬ್ಬಳಾ? ನೀನೂ ಹೆಸರು ನುಂಗಿದೆ, ಮತ್ತೆ ಬಿಳಿಯರಿಗೆ ಯಾಕೆ ಬೈದೆ?"

ತರುಣ್ ಪೆನ್ನು ತೆಗೆದು ‘ಹೆಂಗಸೊಬ್ಬಳು’ ಹೊಡೆದುಹಾಕಿ ‘ಗುಲಾಬಿ’ ಎಂದು ಬರೆದ. ಅವನ ಕಿವಿ ಕೆಂಪಾಗಿತ್ತು.

ಸಭೆ ಮುಗಿದ ಮೇಲೆ ಅವಳು ಮೆಟ್ಟಿಲಲ್ಲೇ ಅವನನ್ನು ತಡೆದಳು.

"ಆ ಮೇಡಂಗೇ ಯಾಕೆ ಮೊದಲು ಓದಿದ್ದು?"

"ನಿನಗೆ ಓದಿದ್ರೆ, ಅಮ್ಮನಲ್ಲಿಗೆ ಯಾಕೆ ಹೋದೆ ಅಂತ ಕೇಳ್ತಿದ್ದೆ. ಹೆಸರು ಬಿಟ್ಟದ್ದೂ ಅದಕ್ಕೇ. ತಪ್ಪಾಯ್ತು."

"ಪದ ಕೇಳ್ಲಿಕ್ಕೆ ಹೋದದ್ದಲ್ವಾ?"

"ಪದ ಆಮೇಲೆ. ನಿನ್ನನ್ನು ಮದುವೆ ಆಗ್ತೇನೆ ಅಂತ ಹೇಳ್ಲಿಕ್ಕೆ ಹೋದದ್ದು."

ಅವಳಿಗೆ ಕೋಪ ಎಲ್ಲಿಡುವುದೆಂದು ತಿಳಿಯಲಿಲ್ಲ. "ನನ್ನನ್ನು ಕೇಳದೆಯಾ?"

"ಗುಲಾಬಿಯಕ್ಕನೂ ಅದನ್ನೇ ಹೇಳಿ ಬೈದ್ರು. ಮೂರು ವಾರ ಆಯ್ತು, ಧೈರ್ಯ ಬರ್ಲಿಲ್ಲ."

"ಈಗ ಕೇಳು."

ಅವನು ಕೇಳಿದ, ತುಳುವಿನಲ್ಲಿ, ತೀರಾ ಮೆಲ್ಲಗೆ.

ಅವಳು ಅವನ ಅಂಗಿಯ ತೋಳು ಹಿಡಿದುಕೊಂಡಳು.

"ಮೇಡಂಗೆ ಇದು ಗೊತ್ತುಂಟಾ?"

"ಇಲ್ಲ."

"ಹಾಗಾದ್ರೆ ಈ ಶನಿವಾರ ಮೂಡಬಿದ್ರೆಗೆ ಇಬ್ರೂ ಹೋಗುವ," ಎಂದಳು ಕುಸುಮ. "ನಾನೇ ಹೇಳ್ತೇನೆ."